ಲೋಡ್ಯಾಶ್ ಆರ್ಡರ್‌ಬೈ ರಿವ್ಯೂ: ದರದ ಕಾಲಂಗೆ ಓಕೆ, ಊರಿನ ಹೆಸರಿಗೆ ಬೇಡ

ಮೊದಲೇ ಹೇಳ್ಬಿಡ್ತೀನಿ, 5ಕ್ಕೆ 3 ಸ್ಟಾರ್. ಕಟ್ ಆಗಿರೋ 2 ಸ್ಟಾರಲ್ಲಿ ಒಂದೂವರೆ ಪೂರ್ತಿ ಕನ್ನಡದ ವಿಷಯಕ್ಕೇ ಹೋಗಿದ್ದು, ಹಾಗಾಗಿ ಬರೀ ಇಂಗ್ಲಿಷ್ ಡೇಟಾ ಇಟ್ಕೊಂಡು ಕೆಲಸ ಮಾಡೋರು ಇದನ್ನ ನಾಲ್ಕೂವರೆ ಅಂತ ಓದ್ಕೊಂಡು ಮುಂದೆ ಹೋಗ್ಬಹುದು, ಬೇಜಾರಿಲ್ಲ.

ಗೊತ್ತಿಲ್ಲದವರಿಗೆ: ಲೋಡ್ಯಾಶ್ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ. 2012ರಲ್ಲಿ ಜಾನ್ ಡೇವಿಡ್ ಡಾಲ್ಟನ್ ಅನ್ನೋರು ಅಂಡರ್‌ಸ್ಕೋರ್ ಅನ್ನೋ ಇನ್ನೊಂದು ಲೈಬ್ರರಿಯಿಂದ ಕವಲು ತೆಗೆದು ಶುರು ಮಾಡಿದ್ದು. ಫ್ರೀ, ಎಂಐಟಿ ಲೈಸೆನ್ಸು. ವೆಬ್ ಕೆಲಸ ಮಾಡೋ ಯಾವ ಕಂಪನಿಯ ಹಳೇ ಪ್ರಾಜೆಕ್ಟ್ ತೆಗೆದ್ರೂ ಎಲ್ಲೋ ಒಂದು ಮೂಲೇಲಿ ಇದ್ದೇ ಇರತ್ತೆ, ಯಾರು ಹಾಕಿದ್ರು ಯಾಕೆ ಹಾಕಿದ್ರು ಅಂತ ಯಾರಿಗೂ ನೆನಪಿರಲ್ಲ. ಅದರೊಳಗೆ ನೂರಾರು ಫಂಕ್ಷನ್ ಇವೆ, ನಾನು ಇಲ್ಲಿ ಮಾತಾಡ್ತಿರೋದು ಒಂದೇ ಒಂದರ ಬಗ್ಗೆ, ಆರ್ಡರ್‌ಬೈ. ಆಬ್ಜೆಕ್ಟ್‌ಗಳ ಲಿಸ್ಟ್ ಕೊಟ್ರೆ ನೀವು ಹೇಳಿದ ಕೀ (ಅಂದ್ರೆ ಕಾಲಂ ಹೆಸರು) ಪ್ರಕಾರ ಜೋಡಿಸಿ ವಾಪಸ್ ಕೊಡತ್ತೆ. ಇದರ ತಮ್ಮ ಸಾರ್ಟ್‌ಬೈ ಅಂತ ಒಬ್ಬ ಇದಾನೆ, ಅವನಿಗೆ ಏರಿಕೆ ಕ್ರಮ ಮಾತ್ರ ಬರತ್ತೆ, ಇಳಿಕೆ ಬೇಕಂದ್ರೆ ಅಣ್ಣನ ಹತ್ರಾನೇ ಬರ್ಬೇಕು.

ನಾನು ಬಳಸೋದು ಅಡಿಕೆ ಧಾರಣೆ ತೋರಿಸೋ ಒಂದು ಪೇಜಿಗೆ. ಪ್ರತಿ ಸಾಲೂ ಒಂದು ಆಬ್ಜೆಕ್ಟ್: ಊರು, ಬಗೆ, ದರ, ದಿನಾಂಕ. ಊರು ಅಂದ್ರೆ ಶಿರಸಿ, ಸಾಗರ, ಯಲ್ಲಾಪುರ, ಚನ್ನಗಿರಿ, ತೀರ್ಥಹಳ್ಳಿ ಥರ. ಬಗೆ ಅಂದ್ರೆ ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ, ಕೋಕ. ನೋಡೋರು ಕಾಲಂ ತಲೆ ಮೇಲೆ ಬೆರಳಿಟ್ಟ ತಕ್ಷಣ ಆ ಕಾಲಂ ಪ್ರಕಾರ ಪಟ್ಟಿ ಜೋಡಣೆ ಆಗ್ಬೇಕು, ಅಷ್ಟೇ ಕೆಲಸ. ಕೇಳೋಕೆ ಸಣ್ಣದು.

ಚೆನ್ನಾಗಿರೋದನ್ನ ಮೊದಲು ಹೇಳೋಣ. ಎರಡು ಮೂರು ಕೀ ಒಟ್ಟಿಗೆ ಕೊಡೋದು ತುಂಬಾ ಸಲೀಸು. ಊರಿನ ಪ್ರಕಾರ ಏರಿಕೆ, ಅದೇ ಊರೊಳಗೆ ದರದ ಪ್ರಕಾರ ಇಳಿಕೆ ಅಂತ ಬೇಕಿದ್ರೆ ಕೀಗಳ ಒಂದು ಪಟ್ಟಿ, ದಿಕ್ಕುಗಳ ಒಂದು ಪಟ್ಟಿ ಕೊಟ್ರೆ ಮುಗೀತು, ಹೊಸದಾಗಿ ಸೇರಿದ ಹುಡುಗ ನೋಡಿದ್ರೂ ಅರ್ಥ ಆಗತ್ತೆ. ಆಬ್ಜೆಕ್ಟ್ ಒಳಗೆ ಇನ್ನೊಂದು ಆಬ್ಜೆಕ್ಟ್ ಇದ್ರೂ ಚುಕ್ಕಿ ಹಾಕಿ 'ಮಾರ್ಕೆಟ್.ಊರು' ಅಂತ ಬರೆದ್ರೆ ಒಳಗೆ ಹೋಗಿ ತಗೊಂಡ್ಬರತ್ತೆ, ಯಾವುದೋ ಸಾಲಲ್ಲಿ ಮಾರ್ಕೆಟ್ ಅನ್ನೋದೇ ಇಲ್ದಿದ್ರೂ ಎರರ್ ಎಸೆದು ಪೇಜ್ ಖಾಲಿ ಮಾಡಲ್ಲ. (ಹೌದು, ಜಾವಾಸ್ಕ್ರಿಪ್ಟಲ್ಲಿ ಕೀ ಕನ್ನಡದಲ್ಲೇ ಇಡ್ಬಹುದು, ವೇರಿಯೇಬಲ್ ಹೆಸರೂ ಕನ್ನಡದಲ್ಲೇ ಇಡ್ಬಹುದು, ಆಫೀಸಲ್ಲಿ ಕೋಡ್ ರಿವ್ಯೂ ಮಾಡೋರು ಒಪ್ತಾರಾ ಅನ್ನೋದು ಬೇರೆ ವಿಷಯ.) ಮೂಲ ಲಿಸ್ಟನ್ನ ಮುಟ್ಟಲ್ಲ, ಹೊಸ ಲಿಸ್ಟ್ ಮಾಡಿ ಕೊಡತ್ತೆ. ರಿಯಾಕ್ಟ್ (ಪೇಜ್ ಕಟ್ಟೋ ಇನ್ನೊಂದು ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸೋರಿಗೆ ಇದರ ಬೆಲೆ ಗೊತ್ತು. ಬ್ರೌಸರ್‌ನ ಸ್ವಂತ ಸಾರ್ಟ್ ಇರೋ ಲಿಸ್ಟನ್ನೇ ಕಲಸಿ ಅದನ್ನೇ ವಾಪಸ್ ಕೊಡತ್ತೆ, ಅದನ್ನ ರಿಯಾಕ್ಟ್ ಡೇಟಾ ಇಟ್ಕೊಳ್ಳೋ ಸ್ಟೇಟ್‌ಗೆ ಹಾಕಿದ್ರೆ ರಿಯಾಕ್ಟ್ "ಅದೇ ಲಿಸ್ಟ್ ಅಲ್ವಾ" ಅಂತ ಸುಮ್ನಿದ್ಬಿಡತ್ತೆ, ಪರದೆ ಮೇಲೆ ಏನೂ ಬದಲಾಗಲ್ಲ.

ಇನ್ನೊಂದು ಹಳೇ ಕಾರಣನೂ ಇತ್ತು. 2018ರಲ್ಲಿ ಕ್ರೋಮ್ 70 ಬರೋ ತನಕ ಆ ಬ್ರೌಸರಲ್ಲಿ ಹತ್ತಕ್ಕಿಂತ ಉದ್ದದ ಲಿಸ್ಟ್ ಸಾರ್ಟ್ ಮಾಡಿದ್ರೆ ಸಮ ಇರೋ ಸಾಲುಗಳು ಹಿಂದೆ ಮುಂದೆ ಆಗಿಬಿಡ್ತಿದ್ವು. ಅಂದ್ರೆ ಮೊದಲು ದಿನಾಂಕದ ಮೇಲೆ ಜೋಡಿಸಿ ಆಮೇಲೆ ಊರಿನ ಮೇಲೆ ಜೋಡಿಸಿದ್ರೆ ಒಂದೇ ಊರಿನ ದಿನಾಂಕಗಳು ಚೆಲ್ಲಾಪಿಲ್ಲಿ. ಆಮೇಲೆ ಟಿಮ್‌ಸಾರ್ಟ್ ಅನ್ನೋ ಬೇರೆ ಜೋಡಣೆ ವಿಧಾನ ಹಾಕಿದ್ರು, 2019ರ ಜಾವಾಸ್ಕ್ರಿಪ್ಟ್ ಸ್ಟ್ಯಾಂಡರ್ಡಲ್ಲಿ ಸಮ ಸಾಲುಗಳ ಕ್ರಮ ಕೆಡಿಸಬಾರದು ಅಂತ ನಿಯಮನೇ ಮಾಡಿದ್ರು. ಲೋಡ್ಯಾಶ್ ಇದನ್ನ ಮೊದಲಿಂದಾನೂ ಸರಿಯಾಗೇ ಮಾಡ್ತಿತ್ತು, ಆ ಕಾಲಕ್ಕೆ ಇದನ್ನ ಹಾಕ್ಕೊಂಡೋರು ಬುದ್ಧಿವಂತರೇ. ಈಗ ಆ ಕಾರಣ ಉಳಿದಿಲ್ಲ.

ಈಗ ದರದ ಕಾಲಂ. ಇದಕ್ಕೆ ಆರ್ಡರ್‌ಬೈ ಓಕೆ, ಆದ್ರೆ ದರ ನಂಬರಾಗಿ ಬರ್ಬೇಕು, ಇಲ್ಲಾಂದ್ರೆ ಅದೂ ಕೈ ಚೆಲ್ಲತ್ತೆ. ನಮಗೆ ಬರೋ ಡೇಟಾ ಹೇಗಿರತ್ತೆ ಅಂದ್ರೆ "48,500" ಅಂತ ಅಲ್ಪವಿರಾಮ ಸಮೇತ, ಅದು ನಂಬರಲ್ಲ, ಅಕ್ಷರದ ಸಾಲು. ಅಕ್ಷರ ಅಂತ ಹೋಲಿಸಿದ್ರೆ "9,800" ದೊಡ್ಡದು, ಯಾಕಂದ್ರೆ 4ಕ್ಕಿಂತ 9 ದೊಡ್ಡದು, ಆಮೇಲಿಂದು ಅದು ನೋಡೋದೇ ಇಲ್ಲ. ಜಾಸ್ತಿ ದರ ಮೇಲೆ ಬರ್ಲಿ ಅಂತ ಒತ್ತಿದ್ರೆ ಸರಕಿನ ನೆತ್ತಿ ಮೇಲೆ ಕೋಕ ಹತ್ತಿ ಕೂತಿರತ್ತೆ. ಇದನ್ನ ನೋಡಿದ ಬೆಳೆಗಾರ ನಿಮ್ಮ ಪೇಜ್ ಕಡೆ ಮತ್ತೆ ತಲೆ ಹಾಕಲ್ಲ. ಸರಿ, ಅಕ್ಷರದ ಸಾಲನ್ನ ನಂಬರ್ ಮಾಡೋ ಪಾರ್ಸ್‌ಫ್ಲೋಟ್ ಹಾಕೋಣ ಅಂತೀರಾ, ಅದು ಇನ್ನೂ ಅಪಾಯ, ಅಲ್ಪವಿರಾಮ ಸಿಕ್ಕಿದ ತಕ್ಷಣ ನಿಂತ್ಬಿಡತ್ತೆ, "48,500" ಹೋಗಿ 48 ಆಗತ್ತೆ, "1,02,000" ಹೋಗಿ ಬರೀ 1. ಎರರೂ ಬರಲ್ಲ ಏನೂ ಬರಲ್ಲ, ಸುಮ್ನೆ ತಪ್ಪು ಕ್ರಮ. ಡೇಟಾ ಒಳಗೆ ಬರೋ ಬಾಗಿಲಲ್ಲೇ ಅಲ್ಪವಿರಾಮ ತೆಗೆದು ನಂಬರ್ ಮಾಡಿ ಇಟ್ಕೊಳ್ಳಿ, ಸಾರ್ಟ್ ಮಾಡೋ ಜಾಗದಲ್ಲಿ ಅಲ್ಲ. ತೋರಿಸುವಾಗ ಬೇಕಾದ್ರೆ ಮತ್ತೆ ಲಕ್ಷ ಸಾವಿರದ ಪ್ರಕಾರ ಅಲ್ಪವಿರಾಮ ಹಾಕ್ಕೊಳ್ಳಿ.

ದಿನಾಂಕನೂ ಇದೇ ಕಥೆ. "05-11-2024", "28-10-2024" ಅಂತ ನಮ್ಮ ರೂಢಿಯಲ್ಲಿ ಬರೆದಿದ್ರೆ ನವೆಂಬರ್ 5 ಅಕ್ಟೋಬರ್ 28ಕ್ಕಿಂತ ಮೊದಲು ಬರತ್ತೆ. ಡೇಟ್ ಆಬ್ಜೆಕ್ಟ್ ಮಾಡೋಣ ಅಂತ ಹಾಗೇ ಕೊಟ್ರೆ ಕ್ರೋಮ್ ಅದನ್ನ ಅಮೆರಿಕದವರ ಥರ ಓದಿ ಮೇ 11 ಅನ್ನತ್ತೆ, "28-10-2024" ಕೊಟ್ರೆ 28ನೇ ತಿಂಗಳು ಎಲ್ಲಿಂದ ತರ್ಲಿ ಅಂತ ಇನ್‌ವ್ಯಾಲಿಡ್ ಅನ್ನತ್ತೆ. ಅರ್ಧ ಸಾಲು ತಪ್ಪು, ಅರ್ಧ ಸಾಲು ಖಾಲಿ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, "2024-11-05" ಅಂತ ಇಟ್ಕೊಂಡ್ರೆ ಅಕ್ಷರದ ಹೋಲಿಕೆಯಲ್ಲೇ ಸರಿಯಾಗಿ ಕೂರತ್ತೆ, ಆರ್ಡರ್‌ಬೈಗೂ ಖುಷಿ ನಿಮಗೂ ಖುಷಿ.

ಇನ್ನು ಖಾಲಿ ದರ. ಆವತ್ತು ಆ ಬಗೆಯ ವ್ಯಾಪಾರನೇ ಆಗ್ಲಿಲ್ಲ ಅಂದ್ರೆ ದರ ನಲ್ (ಅಂದ್ರೆ ಏನೂ ಇಲ್ಲ) ಅಂತ ಬರತ್ತೆ. ಏರಿಕೆ ಕ್ರಮದಲ್ಲಿ ಲೋಡ್ಯಾಶ್ ಅವನ್ನೆಲ್ಲ ಕೆಳಗೆ ಕಳಿಸತ್ತೆ, ಚೆನ್ನಾಗಿದೆ. ಇಳಿಕೆ ಕ್ರಮಕ್ಕೆ ಒತ್ತಿದ್ರೆ? ಪೂರ್ತಿ ಪಟ್ಟಿ ಉಲ್ಟಾ, ಖಾಲಿ ಸಾಲುಗಳೆಲ್ಲ ಮೇಲೆ! ಜಾಸ್ತಿ ದರ ಎಲ್ಲಿದೆ ನೋಡೋಣ ಅಂತ ಬಂದೋರಿಗೆ ಮೊದಲ ಪರದೆ ತುಂಬಾ ಬರೀ ಗೆರೆ ಗೆರೆ. ಎರಡು ದಿಕ್ಕಿಗೂ ಖಾಲಿ ಕೆಳಗೇ ಇರ್ಲಿ ಅನ್ನೋಕೆ ಇದರಲ್ಲಿ ಒಂದು ಆಪ್ಶನ್ ಇಲ್ಲ, "ದರ ಇಲ್ವಾ" ಅನ್ನೋ ಒಂದು ಫಂಕ್ಷನ್ ಬರೆದು ಅದನ್ನ ಮೊದಲನೇ ಕೀ ಮಾಡಿ ಏರಿಕೆಗೆ ಹಾಕ್ಬೇಕು, ಎರಡನೇ ಕೀ ದರ. ಕೆಲಸ ಆಗತ್ತೆ ಆದ್ರೆ ನಾವ್ಯಾಕೆ ಮಾಡ್ಬೇಕು ಅನ್ಸತ್ತೆ. ಇನ್ನೊಂದು ಕಿರಿಕಿರಿ, ಇಳಿಕೆಗೆ ಕೊಡೋ ಡಿಇಎಸ್‌ಸಿ ಅನ್ನೋದನ್ನ ಸಣ್ಣಕ್ಷರದಲ್ಲೇ ಬರೀಬೇಕು. ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆ) ಬರೆದು ರೂಢಿ ಇರೋರು ಕ್ಯಾಪಿಟಲ್ಲಲ್ಲಿ ಬರೆದ್ರೆ ಎಚ್ಚರಿಕೆ ಏನೂ ಕೊಡ್ದೇ ಏರಿಕೆ ಕ್ರಮದಲ್ಲೇ ಜೋಡಿಸಿ ಕೊಡತ್ತೆ. ಅರ್ಧ ಸ್ಟಾರ್ ಇಲ್ಲೇ ಹೋಯ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಊರಿನ ಕಾಲಂ.

ಮೂರು ಊರು ತಗೊಳ್ಳಿ: ಹೊಸನಗರ, ಹೊಳಲ್ಕೆರೆ, ಹೊನ್ನಾಳಿ. ಕನ್ನಡ ಮೀಡಿಯಂ ನಾಲ್ಕನೇ ಕ್ಲಾಸಿನ ಮಗುಗೆ ಕೇಳಿದ್ರೂ ಹೊನ್ನಾಳಿ, ಹೊಸನಗರ, ಹೊಳಲ್ಕೆರೆ ಅಂತ ಜೋಡಿಸತ್ತೆ, ಯಾಕಂದ್ರೆ ಯ ರ ಲ ವ ಶ ಷ ಸ ಹ ಳ, ಳ ಕೊನೇಲಿ. ಆರ್ಡರ್‌ಬೈ ಕೊಡೋದು ಹೊನ್ನಾಳಿ, ಹೊಳಲ್ಕೆರೆ, ಹೊಸನಗರ. ಬಸವಕಲ್ಯಾಣಕ್ಕಿಂತ ಮೊದಲು ಬಳ್ಳಾರಿ. ಮಸ್ಕಿಗಿಂತ ಮೊದಲು ಮಳವಳ್ಳಿ. ನಿಘಂಟು ತೆಗೆದು ನೋಡಿ, ಮೂರೂ ತಪ್ಪು.

ಯಾಕೆ ಹೀಗೆ ಅಂದ್ರೆ ಲೋಡ್ಯಾಶ್ ಅಕ್ಷರಗಳನ್ನ ಹೋಲಿಸೋದು ಅವುಗಳ ಯೂನಿಕೋಡ್ ನಂಬರ್ ನೋಡಿ. ಲ ಗೆ 3250, ಅದರ ಮುಂದಿನ 3251 ನೇ ಜಾಗ ಳ ಗೆ ಕೊಟ್ಟಿದಾರೆ, ವ 3253, ಸ 3256, ಹ 3257. ಯೂನಿಕೋಡಲ್ಲಿ ಭಾರತದ ಲಿಪಿಗಳಿಗೆ ಜಾಗ ಕೊಟ್ಟಾಗ 1988ರ ಇಸ್ಕಿ ಅನ್ನೋ ಭಾರತೀಯ ಅಕ್ಷರ ಸಂಕೇತದ ಅಚ್ಚನ್ನೇ ಇಟ್ಕೊಂಡ್ರು, ದೇವನಾಗರಿಯಲ್ಲಿ ಯಾವ ಅಕ್ಷರ ಎಷ್ಟನೇ ಮನೇಲಿದ್ಯೋ ಕನ್ನಡ, ತೆಲುಗು, ತಮಿಳಲ್ಲೂ ಅದಕ್ಕೆ ಸಮನಾದ ಅಕ್ಷರ ಅಷ್ಟನೇ ಮನೇಲೇ. ಹಾಗಾಗಿ ಳ ಹೋಗಿ ಲ ಪಕ್ಕ ಕೂತಿದೆ. ಅದೇನು ತಪ್ಪಲ್ಲ, ಆ ನಂಬರ್ ಇರೋದು ಅಕ್ಷರ ಗುರುತಿಸೋಕೆ, ಅಕಾರಾದಿ ಮಾಡೋಕಲ್ಲ. ಅಕಾರಾದಿಗೆ ಅಂತಾನೇ ಯೂನಿಕೋಡ್‌ನವರು ಬೇರೆ ನಿಯಮ ಬರೆದಿಟ್ಟಿದಾರೆ, ಅದರಲ್ಲಿ ಳ ಕರೆಕ್ಟಾಗಿ ಹ ಆದ್ಮೇಲೇ ಬರತ್ತೆ. ಲೋಡ್ಯಾಶ್ ಆ ನಿಯಮನ ನೋಡೋದೇ ಇಲ್ಲ.

ಇಷ್ಟೇ ಅಲ್ಲ. ಕನ್ನಡ ಟೈಪ್ ಮಾಡೋವಾಗ ಅರ್ಧಾಕ್ಷರ ಮುಂದಿನದಕ್ಕೆ ಅಂಟ್ಕೊಳ್ದೇ ಇರ್ಲಿ ಅಂತ ಕಣ್ಣಿಗೆ ಕಾಣದ ಒಂದು ಅಕ್ಷರ ಮಧ್ಯ ಸೇರ್ಕೊಂಡಿರತ್ತೆ ನೋಡಿ, ಅದು ಇನ್ನೊಂದು ತಲೆನೋವು. ಒಬ್ರು ಆರ್‌ಎಂಸಿ ಅಂತ ಅದನ್ನ ಹಾಕಿ ಬರೆದಿರ್ತಾರೆ, ಇನ್ನೊಬ್ರು ಆರ್ಎಂಸಿ ಅಂತ ಹಾಕ್ದೇ ಬರೆದಿರ್ತಾರೆ, ಪರದೆ ಮೇಲೆ ಎರಡೂ ಒಂದೇ ಥರ ಕಾಣತ್ತೆ, ಆರ್ಡರ್‌ಬೈಗೆ ಮಾತ್ರ ಎರಡು ಬೇರೆ ಬೇರೆ ಹೆಸರು, ಆ ಅದೃಶ್ಯ ಅಕ್ಷರದ ನಂಬರ್ 8204, ಕನ್ನಡದ ಎಲ್ಲಾ ಅಕ್ಷರಕ್ಕಿಂತ ದೊಡ್ಡದು, ಹಾಗಾಗಿ ಒಂದು ಇಲ್ಲಿ ಕೂತ್ರೆ ಇನ್ನೊಂದು ಎಲ್ಲೋ ಕೆಳಗೆ ಹೋಗಿರತ್ತೆ. ಒಕಾರನೂ ಹಾಗೇ, ಒಂದೇ ಸಂಕೇತವಾಗಿ ಬರೀಬಹುದು, ಎಕಾರ ಊಕಾರ ಎರಡು ತುಂಡಾಗಿಯೂ ಬರೀಬಹುದು. ತುಂಡಾಗಿರೋ ಹೊಸನಗರ ಹೋಗಿ ಹೆಬ್ರಿ ಹತ್ರ ಸೇರ್ಕೊಳ್ಳತ್ತೆ.

ಹಾಗಾದ್ರೆ ಆರ್ಡರ್‌ಬೈಗೆ ನಮ್ಮದೇ ಹೋಲಿಕೆ ಫಂಕ್ಷನ್ ಕೊಟ್ರಾಯ್ತು ಅಂದ್ಕೊಂಡ್ರಾ? ಕೊಡೋಕಾಗಲ್ಲ. ಅದು ತಗೊಳ್ಳೋದು "ಈ ಸಾಲಿಂದ ಯಾವ ಬೆಲೆ ತೆಗೀಲಿ" ಅನ್ನೋ ಫಂಕ್ಷನ್ ಮಾತ್ರ, "ಈ ಎರಡರಲ್ಲಿ ಯಾವುದು ಮುಂದೆ" ಅನ್ನೋ ಫಂಕ್ಷನ್ ಅದಕ್ಕೆ ಬೇಡ. ಅಂಗಡಿಯವನ ತಕ್ಕಡಿ ಮೇಲೆ ನೀವು ಏನು ಬೇಕಾದ್ರೂ ಇಡ್ಬಹುದು, ತೂಕದ ಕಲ್ಲು ಮಾತ್ರ ಅವನದೇ. ಒಂದೂವರೆ ಸ್ಟಾರ್ ಹೋಗಿದ್ದು ಇದೇ ಕಾರಣಕ್ಕೆ. ಜಗತ್ತಿನ ಎಷ್ಟೋ ಭಾಷೆಗಳಿಗೆ ನಂಬರ್ ಪ್ರಕಾರ ಜೋಡಿಸಿದ್ರೆ ಅಕಾರಾದಿ ಕೆಡತ್ತೆ. ಇಂಗ್ಲಿಷಲ್ಲೇ ಕ್ಯಾಪಿಟಲ್ ಝಡ್ ಸಣ್ಣ ಎ ಗಿಂತ ಮುಂದೆ ಬರತ್ತೆ, ಅದಕ್ಕಾದ್ರೆ ಎಲ್ಲಾನೂ ಸಣ್ಣಕ್ಷರ ಮಾಡಿ ಕೊಟ್ರೆ ಆಗತ್ತೆ, ಕನ್ನಡಕ್ಕೆ ಆ ಥರ ಒಳದಾರಿ ಇಲ್ಲ.

ಇದಕ್ಕೆ ಬದಲು ಏನು ಅಂದ್ರೆ, ಬ್ರೌಸರಲ್ಲೇ ಇರೋದು. ಆಯಾ ಭಾಷೆಯ ಅಕಾರಾದಿ ಪ್ರಕಾರ ಹೋಲಿಸೋ ಇಂಟ್ಲ್ ಕೊಲೇಟರ್ ಅಂತ ಒಂದಿದೆ, 2012ರಲ್ಲೇ ಸ್ಟ್ಯಾಂಡರ್ಡಿಗೆ ಸೇರಿದ್ದು, ಲೋಡ್ಯಾಶ್‌ನ ವಯಸ್ಸೇ. ಡೌನ್‌ಲೋಡ್ ಮಾಡೋದೇನಿಲ್ಲ. ಭಾಷೆಯ ಕೋಡ್ ಕೆಎನ್ ಅಂತ ಕೊಟ್ಟು ಒಂದು ಸಲ ಮಾಡಿಟ್ಕೊಳ್ಳಿ, ಅದರೊಳಗಿರೋ ಕಂಪೇರ್ ಅನ್ನೋದನ್ನ ಹೋಲಿಸು ಅಂತ ಹೆಸರಿಟ್ಟು ಇಟ್ಕೊಳ್ಳಿ, ಆಮೇಲೆ ಮಾಮೂಲಿ ಸಾರ್ಟ್ ಒಳಗೆ ಇಷ್ಟೇ:

(ಅ, ಬ) => ಹೋಲಿಸು(ಅ.ಊರು, ಬ.ಊರು) || ಬ.ದರ - ಅ.ದರ

ಊರು ಬೇರೆ ಇದ್ರೆ ಮೊದಲ ಭಾಗದಲ್ಲೇ ತೀರ್ಮಾನ. ಊರು ಒಂದೇ ಆದ್ರೆ ಅದು ಸೊನ್ನೆ ಕೊಡತ್ತೆ, ಆಗ ಎರಡು ಗೆರೆ ದಾಟಿ ದರಕ್ಕೆ ಹೋಗತ್ತೆ, ಜಾಸ್ತಿ ದರ ಮೇಲೆ. ಈ ಸಾಲು ಹೀಗೇ ಕನ್ನಡದಲ್ಲೇ ಕಾಪಿ ಮಾಡಿ ಹಾಕಿದ್ರೂ ಓಡತ್ತೆ, ಟ್ರೈ ಮಾಡಿ. ಹೊಳಲ್ಕೆರೆ ಹೊಸನಗರದ ಕೆಳಗೆ ಬರತ್ತೆ, ಆ ಕಾಣದ ಅಕ್ಷರ ಇದ್ರೂ ಒಂದೇ ಇಲ್ದಿದ್ರೂ ಒಂದೇ, ತುಂಡು ಒಕಾರನೂ ಇಡೀ ಒಕಾರನೂ ಒಂದೇ ಅಂತ ಲೆಕ್ಕಕ್ಕೆ ತಗೊಳ್ಳತ್ತೆ. ನ್ಯೂಮೆರಿಕ್ ಅನ್ನೋ ಆಪ್ಶನ್ ಆನ್ ಮಾಡಿದ್ರೆ "ಲಾಟ್ 10" ಅನ್ನೋದು "ಲಾಟ್ 9" ಆದ್ಮೇಲೆ ಬರತ್ತೆ, ಇಲ್ಲಾಂದ್ರೆ 1 ಆದ್ಮೇಲೆ ಸೀದಾ 10. ಲೊಕೇಲ್‌ಕಂಪೇರ್ ಅಂತ ಇನ್ನೊಂದಿದೆ, ಅದೂ ಇದೇ ಉತ್ತರ ಕೊಡತ್ತೆ, ಲಿಸ್ಟ್ ಉದ್ದ ಇದ್ರೆ ಒಂದೇ ಕೊಲೇಟರ್ ಮಾಡಿಟ್ಕೊಂಡು ಬಳಸೋದು ವೇಗ. ಇನ್ನೂರು ಮುನ್ನೂರು ಸಾಲಿಗೆ ಯಾವುದಾದ್ರೂ ಒಂದೇ.

ಸ್ವಂತ ಸಾರ್ಟ್‌ಗೂ ಅದರದ್ದೇ ಆದ ಗುಂಡಿಗಳಿವೆ, ಅದನ್ನ ಮುಚ್ಚಿಡಲ್ಲ. ಫಂಕ್ಷನ್ ಕೊಡ್ದೇ ಆಬ್ಜೆಕ್ಟ್ ಲಿಸ್ಟ್ ಮೇಲೆ ಸಾರ್ಟ್ ಕರೆದ್ರೆ ಪ್ರತಿ ಆಬ್ಜೆಕ್ಟನ್ನೂ ಅಕ್ಷರದ ಸಾಲು ಮಾಡ್ಕೊಳ್ಳತ್ತೆ, ಎಲ್ಲದಕ್ಕೂ ಒಂದೇ ಸಾಲು ಬರತ್ತೆ, ಎಲ್ಲಾ ಸಮ, ಏನೂ ಅಲ್ಲಾಡಲ್ಲ. ನಂಬರ್ ಲಿಸ್ಟ್ ಆದ್ರೆ 1, 10, 2 ಅಂತ ಬರೋದು ಎಲ್ರಿಗೂ ಗೊತ್ತಿರೋ ಜೋಕು. ಇಂಟರ್ನೆಟ್ಟಲ್ಲಿ ಇನ್ನೂ ಓಡಾಡ್ತಿರೋ ಹಳೇ ಉತ್ತರಗಳಲ್ಲಿ ಅ.ದರ > ಬ.ದರ ಅಂತ ವಾಪಸ್ ಕೊಡೋ ಕೋಡ್ ಸಿಗತ್ತೆ, ಅದನ್ನ ಎತ್ತಿ ಹಾಕ್ಬೇಡಿ. ಅದು ಕೊಡೋದು ಹೌದು ಅಥವಾ ಇಲ್ಲ, ಅಂದ್ರೆ 1 ಅಥವಾ 0, ಮೈನಸ್ ಬರೋದೇ ಇಲ್ಲ. ಹಳೇ ಕ್ರೋಮಲ್ಲಿ ಸಣ್ಣ ಲಿಸ್ಟಿಗೆ ಹೇಗೋ ನಡೀತಿತ್ತು, 70 ಆದ್ಮೇಲೆ ಪಟ್ಟಿ ಇದ್ದಲ್ಲೇ ಇರತ್ತೆ. ಕಳೆಯೋ ಲೆಕ್ಕದಲ್ಲಿ ನಲ್ ಇದ್ರೆ ಅದನ್ನ ಸೊನ್ನೆ ಅಂತ ತಗೊಂಡು ವ್ಯಾಪಾರ ಆಗ್ದಿರೋ ಸಾಲನ್ನ "ಅತಿ ಕಡಿಮೆ ದರ" ಅಂತ ಮೇಲೆ ಕೂರಿಸತ್ತೆ, ಈ ವಿಷಯದಲ್ಲಿ ಲೋಡ್ಯಾಶೇ ವಾಸಿ. ಅನ್‌ಡಿಫೈನ್ಡ್ (ಬೆಲೆನೇ ಕೊಟ್ಟಿಲ್ಲ) ಇದ್ರಂತೂ ಲೆಕ್ಕನೇ ಎನ್‌ಎಎನ್ (ನಂಬರೇ ಅಲ್ಲ) ಆಗಿ ಆ ಸಾಲು ಎಲ್ಲರಿಗೂ ಸಮ ಅಂತಾಗತ್ತೆ, ಪಟ್ಟಿ ಯಾವ ಕ್ರಮದಲ್ಲಿ ಬರತ್ತೆ ಅಂತ ದೇವರೇ ಬಲ್ಲ. ಹಾಗಾಗಿ ಖಾಲಿ ಸಾಲುಗಳನ್ನ ಮೊದಲೇ ಫಿಲ್ಟರ್ ಮಾಡಿ ಪಕ್ಕಕ್ಕಿಟ್ಟು, ಸಾರ್ಟ್ ಆದ್ಮೇಲೆ ಬಾಲಕ್ಕೆ ಅಂಟಿಸೋದು ನನಗಿಷ್ಟ.

ಮೂಲ ಲಿಸ್ಟ್ ಕಲಸೋ ತೊಂದರೆಗೆ ಈಗ ಟುಸಾರ್ಟೆಡ್ ಬಂದಿದೆ, 2023ರ ಸ್ಟ್ಯಾಂಡರ್ಡು. ಕ್ರೋಮ್ 110, ಸಫಾರಿ 16, ಫೈರ್‌ಫಾಕ್ಸ್ 115, ನೋಡ್.ಜೆಎಸ್ 20ರಿಂದ ಸಿಗತ್ತೆ. ನಿಮ್ಮ ಪೇಜಿಗೆ ಬರೋರಲ್ಲಿ ವರ್ಷಗಟ್ಟಲೆ ಅಪ್ಡೇಟ್ ಕಾಣದ ಫೋನ್ ಇರೋರು ಇದಾರೆ ಅಂದ್ರೆ ಮೊದಲು ಮೂರು ಚುಕ್ಕಿ ಹಾಕಿ ಕಾಪಿ ಮಾಡ್ಕೊಂಡು ಆ ಕಾಪಿನ ಸಾರ್ಟ್ ಮಾಡಿ, ಅಷ್ಟೇ.

ಲೈಬ್ರರಿನೇ ಬೇಕು, ಕೈಯಲ್ಲಿ ಬರೆಯೋಕೆ ಬೇಜಾರು ಅನ್ನೋರಿಗೆ ಫಾಸ್ಟ್‌ಸಾರ್ಟ್ ಅಂತ ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ) ಒಂದು ಪುಟ್ಟ ಪ್ಯಾಕೇಜ್ ಇದೆ. ಆರ್ಡರ್‌ಬೈ ಥರಾನೇ ಕೀಗಳ ಪಟ್ಟಿ ಕೊಡ್ಬಹುದು, ಜೊತೆಗೆ ನಮ್ಮ ಕೊಲೇಟರನ್ನೂ ಕೊಡ್ಬಹುದು, ಖಾಲಿ ಬೆಲೆಗಳು ಎರಡು ದಿಕ್ಕಿಗೂ ಕೆಳಗೇ ಇರ್ತವೆ. ಮೇಲೆ ನಾನು ಬೈದಿದ್ದರಲ್ಲಿ ಮುಕ್ಕಾಲು ಪಾಲು ಇಲ್ಲೇ ತೀರಿಹೋಯ್ತು. ಹೊಸ ಪ್ರಾಜೆಕ್ಟ್ ಶುರು ಮಾಡೋರಿಗೆ ನಾನು ಹೇಳೋದು ಇದನ್ನೇ, ಅಥವಾ ಲೈಬ್ರರಿ ಇಲ್ದೇ ಮೇಲಿನ ಒಂದು ಸಾಲು. ಸಾರ್ಟ್ ಒಂದಕ್ಕೋಸ್ಕರ ಪೂರ್ತಿ ಲೋಡ್ಯಾಶ್ ಎಳ್ಕೊಂಡು ಬರೋದು, ಅದೂ ಹಳ್ಳಿ ಕಡೆ ಟವರ್ ಸಿಗದ ಜಾಗದಲ್ಲಿ ತೆಗೆಯೋ ಪೇಜಿಗೆ, ಬೇಡ್ವೇ ಬೇಡ.

ಆದ್ರೆ ಹಳೇ ಪ್ರಾಜೆಕ್ಟಲ್ಲಿ ಆರ್ಡರ್‌ಬೈ ಐವತ್ತು ಕಡೆ ಕೂತಿದೆ, ಕೀಳೋಕೆ ಮ್ಯಾನೇಜರ್ ಬಿಡಲ್ಲ, ಅಂಥ ಕಡೆ ಒಂದು ಉಪಾಯ ಇದೆ. ಊರಿನ ಹೆಸರುಗಳನ್ನ ಮಾತ್ರ ಒಂದೊಂದು ಸಲ ತೆಗೆದು ಕೊಲೇಟರಲ್ಲಿ ಜೋಡಿಸಿ, ಪ್ರತಿ ಊರಿಗೂ 0, 1, 2 ಅಂತ ಸ್ಥಾನ ಕೊಟ್ಟು ಒಂದು ಮ್ಯಾಪಲ್ಲಿ ಇಟ್ಕೊಳ್ಳಿ. ಆರ್ಡರ್‌ಬೈಗೆ 'ಊರು' ಅನ್ನೋ ಕೀ ಬದಲು "ಈ ಊರಿನ ಸ್ಥಾನ ಎಷ್ಟು" ಅಂತ ಹೇಳೋ ಫಂಕ್ಷನ್ ಕೊಡಿ. ಅದಕ್ಕೆ ನಂಬರ್ ಸಿಕ್ತು, ಖುಷಿಯಾಗಿ ಜೋಡಿಸತ್ತೆ, ಉಳಿದ ಕೀಗಳು ಇದ್ದ ಹಾಗೇ ಇರ್ತವೆ. ಊರುಗಳ ಸಂಖ್ಯೆ ಹೆಚ್ಚಂದ್ರೆ ಇನ್ನೂರು ಮುನ್ನೂರು, ಭಾರ ಏನೂ ಆಗಲ್ಲ.

ಕಮೆಂಟಲ್ಲಿ ಕೇಳೋ ಮೊದಲೇ ಹೇಳ್ತೀನಿ, ಪಟ್ಟಿ ಉದ್ದ ಇದ್ದು ಸರ್ವರಿಂದ ಐವತ್ತು ಐವತ್ತು ಸಾಲು ಪುಟ ಪುಟವಾಗಿ ತರಿಸ್ತಿದ್ರೆ ಇದ್ಯಾವುದೂ ಉಪಯೋಗ ಇಲ್ಲ, ಕೈಯಲ್ಲಿರೋ ಐವತ್ತು ಮಾತ್ರ ಜೋಡಣೆ ಆಗತ್ತೆ, ನಿಜವಾದ ಮೊದಲನೇ ಸಾಲು ನಾಲ್ಕನೇ ಪುಟದಲ್ಲಿ ಕೂತಿರ್ಬಹುದು. ಆಗ ಡೇಟಾಬೇಸಲ್ಲೇ ಸಾರ್ಟ್ ಮಾಡ್ಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದ್ರೆ ಕೊಲೇಶನ್ (ಅಕ್ಷರ ಜೋಡಿಸೋ ನಿಯಮ) ಸಿ ಅಂತ ಇಟ್ಟಿದಾರಾ ನೋಡಿ, ಇಟ್ಟಿದ್ರೆ ಅಲ್ಲೂ ಇದೇ ಹೊಳಲ್ಕೆರೆ ಸಮಸ್ಯೆ, ಯಾಕಂದ್ರೆ ಅದೂ ಬೈಟ್ ನೋಡಿ ಜೋಡಿಸೋದು. 2017ರ 10ನೇ ಆವೃತ್ತಿಯಿಂದ ಐಸಿಯು (ಯೂನಿಕೋಡ್ ನಿಯಮ ಪಾಲಿಸೋ ಲೈಬ್ರರಿ) ಕೊಲೇಶನ್ ಸಿಗತ್ತೆ, ಅದರಲ್ಲಿ ಕನ್ನಡದ್ದೂ ಇದೆ, ಆ ಕ್ವೆರಿಗೆ ಮಾತ್ರ ಅದನ್ನ ಹಾಕ್ಬಹುದು, ಇಡೀ ಡೇಟಾಬೇಸ್ ಬದಲಾಯಿಸ್ಬೇಕಾಗಿಲ್ಲ. ಸರ್ವರಲ್ಲಿ ಒಂದು ನಿಯಮ, ಬ್ರೌಸರಲ್ಲಿ ಇನ್ನೊಂದು ನಿಯಮ ಮಾತ್ರ ಇಡ್ಬೇಡಿ, ಮುಂದಿನ ಪುಟ ಒತ್ತಿದಾಗ ಹೊಸನಗರ ಎರಡು ಕಡೆ ಕಾಣತ್ತೆ.